ಶರೀಫರ ತತ್ತ್ವಪದಗಳೂ ಸುಹೃತ್ಸಂಮಿತವೂ

ಆಲಂಕಾರಿಕರು ಉಪದೇಶವನ್ನು ಮೂರು ಬಗೆಯಾಗಿ ವಿಂಗಡಿಸಿರುವದು ಸಂಸ್ಕೃತ ಸಾಹಿತ್ಯದ ಮೊದಲ ಪಾಠಗಳನ್ನು ಓದಿದವರಿಗೂ ತಿಳಿದ ಮಾತೇ. ವೇದವು ಪ್ರಭುಸಂಮಿತವು, ಅದು ಒಡೆಯನಂತೆ ಆಜ್ಞಾಪಿಸುತ್ತದೆ, ಕಾರಣವನ್ನು ಕೇಳಗೊಡುವದಿಲ್ಲ. ಪುರಾಣೇತಿಹಾಸಗಳು ಸುಹೃತ್ಸಂಮಿತಗಳು, ಹೀಗೆ ನಡೆದವನಿಗೆ ಹೀಗಾಯಿತು, ಮುಂದೆ ನಿನ್ನ ವಿಚಾರ ಎಂದು ಅವು ಗೆಳೆಯನಂತೆ ತಿಳಿಯಹೇಳುತ್ತವೆ. ಕಾವ್ಯವು ಕಾಂತಾಸಂಮಿತವು, ಅದು ಮನವನ್ನು ಒಲಿಸಿಕೊಂಡು ರಸದಲ್ಲಿ ಹಿತವನ್ನು ಬೆರೆಸಿ ಕೊಡುತ್ತದೆ. ಮಮ್ಮಟನ ಕಾವ್ಯಪ್ರಕಾಶದ ಆರಂಭದಲ್ಲಿ ಕಾವ್ಯಪ್ರಯೋಜನವನ್ನು ಹೇಳುವಲ್ಲಿ ಬರುವ ಈ ವಿಭಾಗವನ್ನು ನಮ್ಮ ಪಾಠಶಾಲೆಗಳಲ್ಲಿ ಕಾಂತೆಯ ಕಡೆಗೆ ಬೇಗ ಸಾಗಬೇಕೆಂಬ ಅವಸರದಿಂದಲೇ ಹೇಳುವ ವಾಡಿಕೆ. ಪ್ರಭುವಿಗೆ ನಮಸ್ಕಾರ, ಕಾಂತೆಗೆ ವ್ಯಾಖ್ಯಾನ. ನಡುವೆ ನಿಂತ ಸುಹೃತ್ತನ್ನು ಯಾರೂ ತಡೆದು ಮಾತಾಡಿಸುವದಿಲ್ಲ. ನಾನೂ ಎಷ್ಟೋ ವರ್ಷ ಹಾಗೆಯೇ ಪಾಠ ಹೇಳಿದೆನು.

ಆ ನಡುವಿನವನನ್ನು ಕುರಿತು ನಾಲ್ಕು ಮಾತು ಬರೆಯಬೇಕೆಂಬದೇ ಈ ಲೇಖನದ ಉದ್ದೇಶವು. ಧಾರವಾಡ ಸೀಮೆಯ ತತ್ತ್ವಪದಗಳನ್ನು, ವಿಶೇಷವಾಗಿ ಶಿಶುನಾಳದ ಶರೀಫ ಸಾಹೇಬರ ಪದಗಳನ್ನು, ನಮ್ಮ ವಿಮರ್ಶಕರು ಎರಡು ತಕ್ಕಡಿಗಳಲ್ಲಿ ತೂಗುತ್ತ ಬಂದಿರುವರು. ಒಂದು ಪಕ್ಷದವರು ಇವನ್ನು ವೇದಾಂತದ ಗ್ರಂಥವೆಂದು ಹಿಡಿದು, ಇಂಥ ಪದದಲ್ಲಿ ಇಷ್ಟು ಚಕ್ರಗಳು ಹೇಳಿವೆ, ಇಂಥಲ್ಲಿ ಪಂಚಭೂತ, ಇಂಥಲ್ಲಿ ಅಷ್ಟಮದಗಳು ಎಂದು ಲೆಕ್ಕ ಹಾಕುವರು. ಇನ್ನೊಂದು ಪಕ್ಷದವರು ಇವನ್ನು ಕಾವ್ಯವೆಂದು ಹಿಡಿದು, ಅಲಂಕಾರವುಂಟೆ, ರಸಪರಿಪೋಷವುಂಟೆ ಎಂದು ಹುಡುಕಿ, ಅರ್ಧ ಮೆಚ್ಚಿ ಅರ್ಧ ಕೈಬಿಡುವರು. ಎರಡೂ ತಕ್ಕಡಿಗಳು ಈ ಪದಾರ್ಥಕ್ಕೆ ಹೊಂದುವದಿಲ್ಲ. ಈ ಪದಗಳು ಒಡೆಯನ ಮಾತೂ ಅಲ್ಲ, ಕಾಂತೆಯ ಮಾತೂ ಅಲ್ಲ, ಗೆಳೆಯನ ಮಾತು. ಆ ಧಾಟಿಯು ಶರೀಫರಿಗೆ ಬಂದದ್ದು ಕಳಸದ ಗೋವಿಂದಭಟ್ಟರೊಡನೆ ಅವರು ನಿತ್ಯದ ಬಾಳಿನಲ್ಲಿ ನಡೆಸಿದ ಸಖ್ಯದಿಂದ. ಅವರು ಹೇಳುವ ಮುಕ್ತಿಯೂ ಆ ಸಖ್ಯದ ದಾರಿಯಲ್ಲಿ ದೊರೆತದ್ದು. ಇದು ನನ್ನ ಪ್ರತಿಜ್ಞೆ. ಹೇತುದೃಷ್ಟಾಂತಗಳನ್ನು ಯಥಾಮತಿ ಮುಂದೆ ಕೊಡುವೆನು, ವಿದ್ವಜ್ಜನರು ಪರಾಂಬರಿಸಬೇಕು.

ಮೊದಲು ವ್ಯಕ್ತಿಗಳ ವಿಷಯ. ಶರೀಫರು 1819 ರಲ್ಲಿ ಶಿಶುನಾಳದಲ್ಲಿ ಹುಟ್ಟಿ 1889 ರಲ್ಲಿ ಅಲ್ಲಿಯೇ ತೀರಿಕೊಂಡರು. ತಂದೆ ಇಮಾಮ ಸಾಹೇಬರು. ಹುಲಗೂರಿನ ಖಾದರಶಾವಲಿಯವರ ಅನುಗ್ರಹದಿಂದ ಹುಟ್ಟಿದ ಮಗನೆಂಬ ನಂಬಿಗೆ ಆ ಮನೆತನದಲ್ಲಿ ಇದ್ದಿತು. ಶರೀಫರು ಕೆಲವು ಕಾಲ ಕನ್ನಡ ಶಾಲೆಯ ಮಾಸ್ತರರಾಗಿದ್ದರು. ಗೋವಿಂದಭಟ್ಟರು ಇಂದಿನ ಕುಂದಗೋಳ ತಾಲೂಕಿನ ಕಳಸ ಗ್ರಾಮದ ಸ್ಮಾರ್ತ ಬ್ರಾಹ್ಮಣರು, ಶಕ್ತಿಯ ಉಪಾಸಕರು, ಅಗ್ರಹಾರದ ಕಟ್ಟಳೆಗಳನ್ನು ಅಷ್ಟಾಗಿ ಲೆಕ್ಕಿಸದವರು. ಶಿಶುನಾಳವು 1997 ರಿಂದ ಹಾವೇರಿ ಜಿಲ್ಲೆಗೆ ಸೇರಿದೆ, ಕಳಸವು ಧಾರವಾಡ ಜಿಲ್ಲೆಯಲ್ಲಿಯೇ ಉಳಿದಿದೆ. ಆದರೆ ಈ ಗಡಿಯು ಕಾಗದದ ಮೇಲಿನದು. ನೆಲ ಒಂದೇ ಎರೆಯ ನೆಲ. ಒಂದೂರಿನಿಂದ ಇನ್ನೊಂದೂರಿಗೆ ಕಾಲುನಡಿಗೆಯಲ್ಲಿ ಹೋಗಿಬರುವಷ್ಟೇ ದೂರ. ಮಳೆ ಬಿದ್ದ ದಿನ ಎರೆಯ ಮಣ್ಣು ಅಂಗಾಲಿಗೆ ಮೆತ್ತಿಕೊಂಡು ಕಾಲು ಕಲ್ಲಿನಷ್ಟು ಭಾರವಾಗುವದನ್ನು ಬಲ್ಲವರು, ಆ ದಾರಿಯಲ್ಲಿ ಜೊತೆಗಾರನಿದ್ದರೆ ಏನು ಲಾಭವೆಂಬದನ್ನೂ ಬಲ್ಲರು.

ಗೋವಿಂದಭಟ್ಟರು ನಮಗೆ ಗೊತ್ತಾದದ್ದು ಶರೀಫರ ಪದಗಳಿಂದಲೇ. ಶರೀಫರು ಶಿಶುನಾಳದ ಬಸವಣ್ಣನ ಹೆಸರನ್ನು ಅಂಕಿತವಾಗಿ ಇಟ್ಟುಕೊಂಡು, ಅದರ ಮಗ್ಗುಲಲ್ಲಿಯೇ ಅನೇಕ ಕಡೆ ಗುರು ಗೋವಿಂದನ ಹೆಸರನ್ನು ಸೇರಿಸಿರುವರು. ಅದರಿಂದ ಎಲ್ಲರೂ ಈ ಸಂಬಂಧವನ್ನು ಗುರುಶಿಷ್ಯಭಾವವೆಂದು ಕರೆಯುವರು. 1990 ರಲ್ಲಿ ನಾಗಾಭರಣರು ತೆಗೆದ ಚಲಚ್ಚಿತ್ರವು ಈ ಎಣಿಕೆಯನ್ನು ಮನೆಮನೆಗೆ ಮುಟ್ಟಿಸಿತು. ಕರೆಯುವದು ತಪ್ಪೆಂದು ನಾನು ಹೇಳುವದಿಲ್ಲ. ಆದರೆ ಗುರುಶಿಷ್ಯರೆಂದ ಕೂಡಲೆ ನಮ್ಮ ಕಣ್ಣಿಗೆ ಕಟ್ಟುವದು ಪೀಠವೂ, ಪೀಠದ ಕೆಳಗೆ ಕೈಮುಗಿದ ಒಬ್ಬನೂ. ಶರೀಫರ ಪದಗಳಲ್ಲಿ ಆ ಪೀಠವನ್ನು ಹುಡುಕಿ ನೋಡಿರಿ. ಅಲ್ಲಿ ಸಂತೆ ಇದೆ, ಮಾಳಿಗೆ ಇದೆ, ಕುದುರೆ ಇದೆ, ತಂಬೂರಿ ಇದೆ. ಪೀಠ ಮಾತ್ರ ಬಲು ಅಪರೂಪ.

ಗುರುವಿನಲ್ಲಿ ಸಖ್ಯವು ಸಲ್ಲದೆಂದು ಹೇಳುವ ಪಂಡಿತರು ನನ್ನ ಮಿತ್ರರಲ್ಲಿಯೇ ಇರುವರು. ಅವರಿಗೆ ಆಧಾರವಿಲ್ಲದಿಲ್ಲ. ಮಹಾಭಾರತದ ಆದಿಪರ್ವದಲ್ಲಿ ದ್ರುಪದನು ದ್ರೋಣನಿಗೆ ಕೊಟ್ಟ ಉತ್ತರವು ಪ್ರಸಿದ್ಧವೇ: ಸಿರಿಯಲ್ಲಿಯೂ ವಿದ್ಯೆಯಲ್ಲಿಯೂ ಸಮಾನರಾದವರಿಗಷ್ಟೆ ಗೆಳೆತನವು, ಅರಸನಿಗೂ ತಿರುಕನಿಗೂ ಎಲ್ಲಿಯ ಸ್ನೇಹ ಎಂದು ಅವನು ಬಾಲ್ಯಮಿತ್ರನನ್ನು ಹೊರಡಿಸಿದನು. ಇದನ್ನು ನೀತಿಯೆಂದು ಉದಾಹರಿಸುವವರು ಒಂದನ್ನು ಮರೆಯುವರು. ವ್ಯಾಸರು ಈ ಮಾತನ್ನು ಇಟ್ಟಿರುವದು ಅದರ ಫಲವನ್ನು ತೋರಿಸಲಿಕ್ಕೆ. ಆ ಒಂದು ತಿರಸ್ಕಾರದಿಂದ ದ್ರುಪದನು ಅರ್ಧ ರಾಜ್ಯವನ್ನು ಕಳೆದುಕೊಂಡನು. ಹಗೆಯು ಮಕ್ಕಳ ಕಾಲಕ್ಕೂ ಬೆಳೆದು ಕುರುಕ್ಷೇತ್ರದಲ್ಲಿ ಇಬ್ಬರನ್ನೂ ನುಂಗಿತು. ದ್ರುಪದವಾಕ್ಯವು ಪೂರ್ವಪಕ್ಷವೇ ಹೊರತು ಸಿದ್ಧಾಂತವಲ್ಲ.

ಸಿದ್ಧಾಂತವು ಬೇಕಾದರೆ ಗೀತೆಯನ್ನು ನೋಡಬೇಕು. ನಾಲ್ಕನೆಯ ಅಧ್ಯಾಯದ ಮೊದಲಲ್ಲಿ ಭಗವಂತನು ಈ ಪುರಾತನ ಯೋಗವನ್ನು ಅರ್ಜುನನಿಗೆ ಏಕೆ ಹೇಳಿದೆನೆಂದು ಕಾರಣ ಕೊಡುವನು: ನೀನು ಭಕ್ತನು, ಸಖನೂ ಹೌದು. ಎರಡನೆಯ ಕಾರಣವನ್ನು ನಮ್ಮ ಉಪನ್ಯಾಸಕರು ಮೊದಲನೆಯದರ ಬಾಲವೆಂಬಂತೆ ಓದಿ ಮುಂದೆ ಹೋಗುವರು. ಹನ್ನೊಂದನೆಯ ಅಧ್ಯಾಯದಲ್ಲಿ ವಿಶ್ವರೂಪವನ್ನು ಕಂಡು ನಡುಗಿದ ಅರ್ಜುನನು, ಗೆಳೆಯನೆಂದು ತಿಳಿದು ಹೆಸರು ಹಿಡಿದು ಕರೆದುದಕ್ಕೂ, ತಿರುಗಾಡುವಾಗ, ಮಲಗುವಾಗ, ಕೂಡುವಾಗ, ಉಣ್ಣುವಾಗ ಚೇಷ್ಟೆ ಮಾಡಿದುದಕ್ಕೂ ಕ್ಷಮೆ ಬೇಡುವನು. ಸಖ್ಯವು ತಪ್ಪೆಂದು ಇಲ್ಲಿಂದ ಸಾಧಿಸುವವರುಂಟು. ಆದರೆ ಆ ಕ್ಷಮೆಯನ್ನು ಯಾವ ಅಳತೆಯಿಂದ ಬೇಡಿರುವನು? ತಂದೆಯು ಮಗನನ್ನು ಸಹಿಸುವಂತೆ, ಸಖನು ಸಖನನ್ನು ಸಹಿಸುವಂತೆ ಎಂಬ ಅಳತೆಯಿಂದ. ತಪ್ಪಾಯಿತೆನ್ನುವ ಬಾಯಿಯಿಂದಲೇ ಮತ್ತೆ ಸಖ್ಯದ ಹೆಸರು ಹೊರಟಿತು! ಅಷ್ಟೇ ಅಲ್ಲ, ವಿಶ್ವರೂಪವು ಅವನಿಗೆ ಜ್ಞಾನವನ್ನು ಕೊಟ್ಟಿರಬಹುದು, ಧೈರ್ಯವನ್ನು ಕೊಡಲಿಲ್ಲ. ಸೌಮ್ಯವಾದ ಮಾನುಷರೂಪವು ತಿರುಗಿ ಕಂಡ ಮೇಲೆಯೇ ಅವನ ಚಿತ್ತವು ನೆಲೆಗೆ ಬಂದಿತು. ಬಿದ್ದ ಬಿಲ್ಲನ್ನು ಎತ್ತುವದಕ್ಕೆ ಬೇಕಾದದ್ದು ಸಾರಥಿಯಾಗಿ ಮಗ್ಗುಲಲ್ಲಿ ಕುಳಿತ ಗೆಳೆಯನ ಮುಖವು. ಭಾಗವತದಲ್ಲಿ ಪ್ರಹ್ಲಾದನು ಎಣಿಸಿದ ಒಂಬತ್ತು ಭಕ್ತಿಗಳಲ್ಲಿಯೂ ದಾಸ್ಯವು ಏಳನೆಯದು, ಸಖ್ಯವು ಎಂಟನೆಯದು, ಆತ್ಮನಿವೇದನವು ಒಂಬತ್ತನೆಯದು. ಈ ಕ್ರಮವನ್ನು ಮೆಟ್ಟಿಲೆಂದು ಒಪ್ಪುವದಾದರೆ ದಾಸ್ಯದಿಂದ ಆತ್ಮನಿವೇದನಕ್ಕೆ ಹೋಗುವವನು ಸಖ್ಯವನ್ನು ದಾಟಿಯೇ ಹೋಗತಕ್ಕದ್ದು.

ಸ್ನೇಹವೆಲ್ಲ ಬಿಡಿಸುವದೆಂದು ಮಾತ್ರ ಯಾರೂ ತಿಳಿಯಬಾರದು. ಕಟ್ಟಿಹಾಕುವ ಸ್ನೇಹವೂ ಉಂಟು. ಅದರ ಮಹಾಕವಿಯು ಇದೇ ಸೀಮೆಯ ಸಂಬಂಧಿಕನು. ಪಂಪನ ತಾಯಿ ಅಬ್ಬಣಬ್ಬೆಯು ಅಣ್ಣಿಗೇರಿಯ ಜೋಯಿಸ ಸಿಂಘನ ಮೊಮ್ಮಗಳೆಂಬದು ಪಂಪನ ತಮ್ಮ ಜಿನವಲ್ಲಭನು ಕುರ್ಕ್ಯಾಲದ ಬಂಡೆಯಲ್ಲಿ ಬರೆಯಿಸಿದ ಶಾಸನದಿಂದ ಗೊತ್ತಾಗಿದೆ. ಆ ಪಂಪನು ಸುಮಾರು 941 ರಲ್ಲಿ ರಚಿಸಿದ ವಿಕ್ರಮಾರ್ಜುನವಿಜಯದಲ್ಲಿ ಕರ್ಣದುರ್ಯೋಧನರ ಗೆಳೆತನದಷ್ಟು ಉಜ್ಜ್ವಲವಾದ ಗೆಳೆತನವು ಮತ್ತೊಂದಿಲ್ಲ. ಭಾನುಮತಿಯ ನೆತ್ತದ ಪ್ರಸಂಗದ ಒಂದು ಪದ್ಯಕ್ಕೆ ಅರ್ಥ ಹೇಳುವಲ್ಲಿ ನಮ್ಮ ವಿದ್ವಾಂಸರು ಎಷ್ಟು ವಾದ ಮಾಡಿರುವರೆಂಬದನ್ನು ವಾಚಕರು ಬಲ್ಲರು. ಆ ಗದ್ದಲದಲ್ಲಿ ನಾನು ಸೇರುವದಿಲ್ಲ. ಕೃಷ್ಣನು ಜನ್ಮರಹಸ್ಯವನ್ನು ಹೇಳಿದ ಮೇಲೂ ಕರ್ಣನು ಒಡೆಯನನ್ನು ಬಿಡಲಿಲ್ಲ. ಅದು ಮೆಚ್ಚತಕ್ಕದ್ದೇ. ಆದರೆ ಆ ಸ್ನೇಹದಲ್ಲಿ ಒಂದು ಲೆಕ್ಕದ ಪುಸ್ತಕವುಂಟು: ಅವನು ಅಂಗರಾಜ್ಯವನ್ನು ಕೊಟ್ಟನು, ಇವನು ಪ್ರಾಣವನ್ನು ಕೊಡಬೇಕು. ಕರ್ಣನು ಋಣದ ಗೆಳೆಯನು. ಅವನ ಸತ್ಯವು ಅವನನ್ನು ದೊಡ್ಡವನನ್ನಾಗಿ ಮಾಡಿತು, ಬಿಡುಗಡೆ ಮಾಡಲಿಲ್ಲ. ದುರ್ಯೋಧನನನ್ನು ಒಂದು ಹೆಜ್ಜೆಯೂ ಹಿಂದೆಳೆಯಲಿಲ್ಲ. ಅಣ್ಣಿಗೇರಿಯ ಮೊಮ್ಮಗನು ತೋರಿಸಿದ ಈ ಸ್ನೇಹವನ್ನು ಒಂದು ಕಡೆಗೆ ಇಟ್ಟುಕೊಂಡರೆ, ಕಳಸದ ಭಟ್ಟರು ತೋರಿಸಿದ ಸ್ನೇಹವು ಎಲ್ಲಿ ಬೇರೆಯೆಂಬದು ಸ್ಪಷ್ಟವಾಗುವದು.

ಐತಿಹ್ಯಗಳಲ್ಲಿ ಎರಡನ್ನು ಮಾತ್ರ ತೆಗೆದುಕೊಳ್ಳುವೆನು. ಐತಿಹ್ಯವು ಚರಿತ್ರೆಯಲ್ಲವೆಂಬದು ನನಗೆ ಗೊತ್ತು. ಆದರೆ ಒಂದು ಸೀಮೆಯ ಜನರು ಒಂದು ಕಥೆಯನ್ನು ನೂರು ವರ್ಷ ಬಾಯಲ್ಲಿಟ್ಟುಕೊಂಡರೆ ಅದು ಆ ಜನರು ಬರೆದ ವಿಮರ್ಶೆಯೇ ಸರಿ. ಗೋವಿಂದಭಟ್ಟರು ಹುಡುಗ ಶರೀಫನನ್ನು ನಿನ್ನ ತಂದೆ ಯಾರೆಂದು ಕೇಳಿದಾಗ, ನಿಮ್ಮ ತಂದೆ ಯಾರೋ ನನ್ನ ತಂದೆಯೂ ಅವನೇ ಎಂಬ ಉತ್ತರ ಬಂದಿತಂತೆ. ಸಾಮಾನ್ಯವಾಗಿ ಇದನ್ನು ಹುಡುಗನ ಅದ್ವೈತಜ್ಞಾನಕ್ಕೆ ಸಾಕ್ಷಿಯೆಂದು ಹೇಳುವರು. ನನಗೆ ಮುಖ್ಯವೆಂದು ತೋರುವದು ಉತ್ತರವಲ್ಲ, ಆ ಉತ್ತರವನ್ನು ಕೇಳಿ ಭಟ್ಟರು ಸಿಟ್ಟಾಗಲಿಲ್ಲವೆಂಬದು. ನನ್ನ ಬಾಲ್ಯದ ಪಾಠಶಾಲೆಯಲ್ಲಿ ಇಂಥ ಉತ್ತರಕ್ಕೆ ಬೆನ್ನಿನ ಮೇಲೆ ಏನು ಬೀಳುತ್ತಿತ್ತೆಂಬದನ್ನು ನೆನೆದರೆ ಭಟ್ಟರ ದೊಡ್ಡಿಸ್ತಿಕೆ ತಿಳಿಯುತ್ತದೆ. ಒಬ್ಬನೇ ತಂದೆಯ ಮಕ್ಕಳೆಂದಾಗ ಗುರುಶಿಷ್ಯರ ಮೇಲುಕೀಳು ಎಲ್ಲಿ ಉಳಿಯಿತು? ಹುಡುಗನು ಮೊದಲ ಮಾತಿನಲ್ಲಿಯೇ ಸಮಾನತೆಯನ್ನು ಕೇಳಿದನು. ಹಿರಿಯನು ನಕ್ಕು ಕೊಟ್ಟನು. ದ್ರುಪದನು ಕೊಡಲಾರದ್ದು ಇದೇ.

ಎರಡನೆಯದು ಜನಿವಾರದ ಕಥೆ. ಭಟ್ಟರು ಶರೀಫರಿಗೆ ಜನಿವಾರವನ್ನು ಹಾಕಿದರೆಂದು ಹೇಳುವರು. ಆ ಪ್ರಸಂಗವನ್ನು ಕುರಿತ ಪದವೂ ಹಾಡಿಕೆಯಲ್ಲಿದೆ. ಶಾಸ್ತ್ರವನ್ನು ಓದಿದ ನನ್ನಂಥವನಿಗೆ ಇದು ಸುಲಭವಾಗಿ ನುಂಗುವ ತುತ್ತಲ್ಲ. ಉಪನಯನಕ್ಕೆ ಅಧಿಕಾರಿ ಯಾರು, ಕಾಲ ಯಾವದು, ಗೃಹ್ಯಸೂತ್ರವೇನು ಎಂಬ ಪ್ರಶ್ನೆಗಳು ಏಳುವವು. ಆದರೆ ಭಟ್ಟರು ಅಲ್ಲಿ ಒಂದು ಜಾತಿಯಿಂದ ಇನ್ನೊಂದು ಜಾತಿಗೆ ಒಬ್ಬನನ್ನು ಸಾಗಿಸಲಿಲ್ಲ. ಶರೀಫರು ಮುಸಲ್ಮಾನರಾಗಿಯೇ ಉಳಿದು ಮೊಹರಮ್ಮಿಗೆ ರಿವಾಯತ ಪದಗಳನ್ನು ಬರೆದರು, ಅಲಾವಿಯ ಸುತ್ತ ಕುಣಿಯುವವರಿಗೆ ಹಾಡು ಕೊಟ್ಟರು. ಗೆಳೆಯನು ತನ್ನಲ್ಲಿ ಇದ್ದದ್ದರಲ್ಲಿ ಒಂದನ್ನು ಗೆಳೆಯನಿಗೆ ಕೊಟ್ಟನು, ಪ್ರತಿಯಾಗಿ ಏನನ್ನೂ ಬಿಡಿಸಲಿಲ್ಲ. ಈ ಕೊಡುಗೆಯಲ್ಲಿ ಅಂಗರಾಜ್ಯದ ಲೆಕ್ಕವಿಲ್ಲ.

ಇನ್ನು ಪದಗಳಿಗೆ ಬರೋಣ. ಶರೀಫರ ಪದಗಳನ್ನು ಅವರ ಕಾಲಾನಂತರ ಹಾಡುವವರ ಬಾಯಿಂದ ಕೂಡಿಸಿದ್ದರಿಂದ ಪಾಠಭೇದಗಳು ಹೇರಳವಾಗಿವೆ. ಆದ್ದರಿಂದ ಒಂದೆರಡು ಅಕ್ಷರಗಳ ಮೇಲೆ ನಾನು ವಾದವನ್ನು ಕಟ್ಟುವದಿಲ್ಲ; ಎಲ್ಲ ಮೇಳದವರಲ್ಲಿಯೂ ಸಮಾನವಾಗಿ ಉಳಿದ ಸನ್ನಿವೇಶಗಳನ್ನಷ್ಟೆ ಹಿಡಿಯುವೆನು.

ಸೋರುವ ಮಾಳಿಗೆಯ ಪದವು ಎಲ್ಲರಿಗೂ ಗೊತ್ತು. ಅಜ್ಞಾನದ ದೆಸೆಯಿಂದ ಮನೆಯ ಮಾಳಿಗೆ ಸೋರುತ್ತಿದೆ, ತೊಲೆ ಮುರಿದಿದೆ, ಜಂತಿ ಹುಳಿತಿದೆ, ಸರಿಪಡಿಸುವವರಿಲ್ಲ, ಕತ್ತಲೆಯಲ್ಲಿ ತಾನು ಮೇಲೇರಲಾರೆ ಎಂಬ ಗೋಳು ಅದರಲ್ಲಿದೆ. ಮನೆಯೆಂದರೆ ದೇಹ, ಸೋರಿಕೆಯೆಂದರೆ ವಿಷಯವಾಸನೆ ಎಂದು ವ್ಯಾಖ್ಯಾನಿಸಿ ಮುಗಿಸುವರು. ನಾನೂ ಹಾಗೆಯೇ ಮುಗಿಸುತ್ತಿದ್ದೆನು. ಒಂದು ವಿದ್ವತ್ಸಭೆಯಲ್ಲಿ, ರೂಪಕವು ಸಾವಯವವಾಗಿದೆ ಆದರೆ ರಸವು ಪುಷ್ಟವಾಗಿಲ್ಲ, ಆದುದರಿಂದ ಇದು ಉತ್ತಮ ಕಾವ್ಯವಲ್ಲ ಎಂದು ಸಾಧಿಸಿ ಸಂಭಾವನೆಯನ್ನೂ ಪಡೆದಿದ್ದೆನು.

ಆಮೇಲೆ ನಡೆದದ್ದನ್ನು ಹೇಳುವದು ವಿಮರ್ಶೆಯ ಮರ್ಯಾದೆಗೆ ಹೊರತಾದೀತೇನೋ. ಆದರೂ ಅಭಿಪ್ರಾಯವು ಬದಲಾದ ಕಾರಣವನ್ನು ಮುಚ್ಚಿಡುವದು ಪ್ರಾಮಾಣಿಕವಲ್ಲ. ನನ್ನ ಧರ್ಮಪತ್ನಿ ತೀರಿಕೊಂಡ ವರ್ಷ ನಾನು ಊರಿನ ಹಳೆಯ ಮನೆಯಲ್ಲಿದ್ದೆನು. ಕಠೋಪನಿಷತ್ತೂ ಗೀತೆಯ ಎರಡನೆಯ ಅಧ್ಯಾಯವೂ ಕಂಠಸ್ಥವಾಗಿದ್ದವು. ಶೋಕಿಸಬಾರದೆಂಬದಕ್ಕೆ ಪ್ರಮಾಣಗಳಿಗೇನೂ ಕೊರತೆಯಿರಲಿಲ್ಲ. ಸಾಂತ್ವನಕ್ಕೆ ಬಂದ ವಿದ್ವಾಂಸರು ಅವನ್ನೇ ನನಗೆ ತಿರುಗಿ ಒಪ್ಪಿಸಿ ಹೋದರು. ನೆರೆಯ ಒಬ್ಬ ಒಕ್ಕಲಿಗರು, ಬಾಲ್ಯದಿಂದ ಪರಿಚಿತರು, ಊರ ಭಜನಾ ಮೇಳದಲ್ಲಿ ದಮ್ಮಡಿ ಬಾರಿಸುವವರು, ದಿನಾಲೂ ಹೊಲದಿಂದ ಬಂದು ಕಟ್ಟೆಯ ಮೇಲೆ ಕೂಡುತ್ತಿದ್ದರು. ಅವರು ಮಾತಾಡುತ್ತಿದ್ದುದು ಮಳೆಯ ವಿಷಯ, ಹತ್ತಿಯ ದರದ ವಿಷಯ. ಆ ವರ್ಷದ ಮುಂಗಾರಿನಲ್ಲಿ ಒಳಮನೆಯ ಮಣ್ಣಿನ ಮಾಳಿಗೆ ಸೋರಹತ್ತಿತು. ಅವರು ಏಣಿ ಹಚ್ಚಿ ಮೇಲೆ ಹೋದರು. ಸ್ವಲ್ಪ ಹೊತ್ತಿನ ಮೇಲೆ ಕೂಗಿ ಹೇಳಿದರು: "ಶಾಸ್ತ್ರಿಗಳ, ಕೆಳಗಿಂದ ಕೋಲು ತಗೊಂಡು ಬಡೀರಿ. ಇಲ್ಲೆ ಮ್ಯಾಲಿಂದ ನೋಡಿದ್ರ ಎಲ್ಲಾ ಒಂದ ಕಾಣತೈತ್ರಿ, ತೂತು ಎಲ್ಲೈತಂತ ತಿಳಿಯಂಗಿಲ್ಲ." ನಾನು ಹನಿ ಬೀಳುವಲ್ಲಿ ಜಂತಿಗೆ ಕೋಲಿನಿಂದ ಬಡಿದೆನು. ಅವರು ಆ ಸಪ್ಪಳದ ಗುರುತಿಗೆ ಮಣ್ಣು ಹಾಕಿ ತುಳಿದರು. ಹೀಗೆ ನಾಲ್ಕೈದು ಕಡೆ ಆಯಿತು.

ಮಾಳಿಗೆಯ ಮೇಲೆ ಇರುವವನಿಗೆ ಸೋರಿಕೆ ಕಾಣುವದಿಲ್ಲ. ಕೆಳಗೆ ಇರುವವನ ಕೈಗೆ ಅದು ನಿಲುಕುವದಿಲ್ಲ. ಮಣ್ಣಿನ ಮಾಳಿಗೆಯ ಸೀಮೆಯಲ್ಲಿ ಹುಟ್ಟಿದ ಕವಿಯೂ ಅವನ ಕೇಳುಗರೂ ಇದನ್ನು ಹೇಳದೆಯೇ ಬಲ್ಲವರು. ಹಾಗಾದರೆ ಆ ಪದದ ಗೋಳಿಗೆ ಬೇರೊಂದು ಅರ್ಥ ಬರುತ್ತದೆ. ನಾನು ಒಬ್ಬನೇ ಇದನ್ನು ರಿಪೇರಿ ಮಾಡಲಾರೆನು ಎಂಬದು ಅಶಕ್ತನ ಗೋಳಲ್ಲ. ಅದು ವಸ್ತುಸ್ಥಿತಿಯ ಕಥನವು. ಈ ಕೆಲಸಕ್ಕೆ ಇಬ್ಬರು ಬೇಕು. ಜೀವನು ತನ್ನ ಅಜ್ಞಾನವನ್ನು ತಾನೇ ಮುಚ್ಚಿಕೊಳ್ಳಲಾರನು, ಏಕೆಂದರೆ ಮುಚ್ಚುವದಕ್ಕೆ ಮೇಲೇರಿದ ಕೂಡಲೆ ತೂತು ಎಲ್ಲಿದೆಯೆಂಬ ತಿಳಿವು ತಪ್ಪುವದು. ಗುರುವೂ ಒಬ್ಬನೇ ಇದನ್ನು ಮಾಡಲಾರನು. ಎಷ್ಟು ಎತ್ತರದಲ್ಲಿದ್ದರೂ ಅವನಿಗೆ ಕೆಳಗಿನಿಂದ ಸಪ್ಪಳ ಬರಬೇಕು. ನಮ್ಮ ವ್ಯಾಖ್ಯಾನಗಳಲ್ಲಿ ಶಿಷ್ಯನ ಅಜ್ಞಾನವನ್ನು ಗುರುವು ಸರ್ವಜ್ಞನಾಗಿ ಕಂಡು ನಿವಾರಿಸುವನೆಂದು ಹೇಳುವದುಂಟು. ಈ ಪದದ ಲೋಕದಲ್ಲಿ ಹಾಗೆ ನಡೆಯುವದು ಸಾಧ್ಯವಿಲ್ಲ. ಇದನ್ನು ಶರೀಫರು ಬುದ್ಧಿಪೂರ್ವಕವಾಗಿ ಇಟ್ಟರೆಂದು ನಾನು ಸಾಧಿಸಲಾರೆನು. ಆ ಮನೆಯಲ್ಲಿ ವಾಸಿಸುವವನ ಮಾತಿನಲ್ಲಿ ಅದು ತಾನಾಗಿ ಸೇರಿದೆ. ಸಭೆಯಲ್ಲಿ ನಾನು ರಸವಿಲ್ಲವೆಂದಾಗ ಆ ಒಕ್ಕಲಿಗರು ಹಿಂದಿನ ಸಾಲಿನಲ್ಲಿ ಕುಳಿತಿದ್ದರೆಂಬದು ನನಗೆ ಬಹಳ ದಿನಗಳ ಮೇಲೆ ತಿಳಿಯಿತು. ಅವರು ಆ ಮಾತನ್ನು ನನ್ನೆದುರು ಎಂದೂ ಎತ್ತಿಲ್ಲ.

ಇನ್ನೊಂದು ಪದದಲ್ಲಿ ಹುಲಗೂರಿನ ಸಂತೆಯ ಗದ್ದಲದಲ್ಲಿ ನಿಂತ ಮುದುಕಿಯೊಬ್ಬಳಿಗೆ ಎಚ್ಚರಿಕೆ ಹೇಳಿದೆ. ಮುದುಕಿಯು ಜೀವಾತ್ಮನೆಂದು ಅರ್ಥಮಾಡುವರು, ಆಗಲಿ. ಆದರೆ ಎಚ್ಚರಿಕೆಯ ಧ್ವನಿಯನ್ನು ಕೇಳಬೇಕು. ಹೆಂಗಸರನ್ನು ಸಲಿಗೆಯಿಂದ ಕರೆಯುವಾಗ ನಮ್ಮ ಕಡೆಗೆ ಮಾತಿನ ತುದಿಗೆ ಹಚ್ಚುವ 'ಬೇ' ಎಂಬ ಅಕ್ಷರವು ಅಲ್ಲಿ ಮತ್ತೆ ಮತ್ತೆ ಬರುವದು. ಈ ಒಂದು ಅಕ್ಷರವು ತಾಯಿಗೂ ಸಲ್ಲುವದು, ನೆರೆಮನೆಯ ಅಜ್ಜಿಗೂ ಸಲ್ಲುವದು. ಅದರಲ್ಲಿ ಬಯ್ಗಳವೂ ಅಕ್ಕರೆಯೂ ಒಂದೇ ಉಸಿರಿನಲ್ಲಿ ಇರುವವು. ವೈರಾಗ್ಯಶತಕಗಳನ್ನು ಬರೆದವರು ಮುಪ್ಪನ್ನು ವರ್ಣಿಸುವಾಗ ಕೇಳುವವನಿಗೆ ಹೇಸಿಕೆ ಹುಟ್ಟಬೇಕೆಂದು ಬರೆಯುವರು. ಶರೀಫರು ಮುದುಕಿಯನ್ನು ನೋಡಿ ಹೇಸುವದಿಲ್ಲ, ಬಿದ್ದಾಳೆಂದು ಹೆದರುವರು. ಸಂತೆಯನ್ನು ಬಿಟ್ಟು ಹೋಗೆಂದು ಪ್ರಭುವಿನಂತೆ ಆಜ್ಞಾಪಿಸುವವನ ಧಾಟಿ ಇದಲ್ಲ. ಸಂತೆಯಲ್ಲಿ ತಾನೂ ನಿಂತವನೊಬ್ಬನು ಮಗ್ಗುಲಿನಿಂದ ಜೋಕೆ ಹೇಳುವ ಧಾಟಿ.

ತಂಬೂರಿಯ ಪದದಲ್ಲಿ ಇದೇ ಸಲಿಗೆಯು ಗದರಿಕೆಯಾಗಿದೆ. ಸ್ವರ ಬಾರದವನು ತಂಬೂರಿಯನ್ನು ಬಾರಿಸುವದು ಒಪ್ಪದೆಂದು ಕವಿಯು ನೇರವಾಗಿ ಹೇಳಿಬಿಡುವನು. ಭರ್ತೃಹರಿಯು ಸನ್ಮಿತ್ರನ ಲಕ್ಷಣ ಹೇಳುವಾಗ ಮೊದಲು ಇಟ್ಟದ್ದು ಪಾಪದಿಂದ ತಡೆಯುವ ಗುಣವನ್ನು. ಮೇಳದಲ್ಲಿ ಎಲ್ಲರೆದುರು ನಿನ್ನ ಶ್ರುತಿ ತಪ್ಪಿತೆಂದು ಹೇಳುವ ಅಧಿಕಾರವು ಸಂಗಡ ಹಾಡುವವನಿಗೆ ಮಾತ್ರ ಇರುವದು. ದುರ್ಯೋಧನನಿಗೆ ಕರ್ಣನು ಹೇಳದೆ ಉಳಿದ ಮಾತು ಇದೇ ಅಲ್ಲವೆ? ಸ್ನೇಹವೆಂಬ ಶಬ್ದವೇ ಕಂಠೋಕ್ತವಾಗಿ ಬರುವ ಪದವೂ ಒಂದುಂಟು. ಅಲ್ಲಿ ಒಬ್ಬ ಹೆಣ್ಣಿನ ಗೆಳೆತನವನ್ನು ಬಯಸಿದೆ. ಆ ಹೆಣ್ಣನ್ನು ವಿದ್ಯೆಯೆಂದೋ ಶಕ್ತಿಯೆಂದೋ ಅರ್ಥಮಾಡಬಹುದು. ಭಟ್ಟರ ಶಾಕ್ತ ಸಂಪ್ರದಾಯವನ್ನು ನೆನೆದರೆ ಇದು ಆಶ್ಚರ್ಯವಲ್ಲ. ಉಪಾಸನೆ ಎಂದು ಹೇಳಬಹುದಾದಲ್ಲಿ ಸ್ನೇಹವೆಂದು ಹೇಳಿರುವದನ್ನು ಮಾತ್ರ ಲಕ್ಷ್ಯಕ್ಕೆ ತರಬಯಸುತ್ತೇನೆ.

ಇಲ್ಲಿ ಒಂದು ಆಕ್ಷೇಪವು ಬರುವದು, ಅದು ಬಲವಾದದ್ದು. ಕೋಡಗನನ್ನು ಕೋಳಿ ನುಂಗಿದ ಒಗಟಿನ ಪದದ ಕೊನೆಗೆ ಗೋವಿಂದಗುರುವಿನ ಪಾದವು ಹೇಳುವವನನ್ನೇ ನುಂಗಿತೆಂದಿದೆ. ಪಾದವೆಂದ ಮೇಲೆ ದಾಸ್ಯವಲ್ಲವೆ, ಸಖ್ಯವೆಲ್ಲಿ ಉಳಿಯಿತು ಎಂದು ಕೇಳಬಹುದು. ಒಪ್ಪುತ್ತೇನೆ, ಅಲ್ಲಿ ಪಾದವಿದೆ. ಆದರೆ ಆ ನುಂಗಾಟವು ಯಾವ ಕ್ರಮದಲ್ಲಿ ಬರುವದೆಂಬದನ್ನು ನೋಡಬೇಕು. ಅಲ್ಲಿ ಚಿಕ್ಕದು ದೊಡ್ಡದನ್ನು ನುಂಗುತ್ತದೆ. ಕೆಲಸದ ವಸ್ತುಗಳು ಕೆಲಸಗಾರರನ್ನೇ ನುಂಗುತ್ತವೆ. ಮೇಲುಕೀಳುಗಳೆಲ್ಲ ತಿರುವುಮುರುವಾದ ಆ ಲೋಕದಲ್ಲಿ ಪಾದಕ್ಕೆ ಹಳೆಯ ಅರ್ಥವನ್ನೇ ಇಡಬೇಕೆಂಬ ನಿರ್ಬಂಧವೇನು? ಅದು ಒಂಬತ್ತನೆಯ ಮೆಟ್ಟಿಲಾದ ಆತ್ಮನಿವೇದನವು. ಎಂಟನೆಯದನ್ನು ಹತ್ತಿದವನೇ ಅಲ್ಲಿಗೆ ಮುಟ್ಟುವನು. ಮತ್ತೂ ಒಂದು ಮಾತು. ಈ ಅನುಭವವನ್ನು ಶರೀಫರು ಹೇಳುವದು ಯಾರಿಗೆ? ತಂಗಿ ಎಂದು ಕರೆದು ಒಬ್ಬಳಿಗೆ. ಲಯವಾದೆನೆಂದು ಹೇಳುವವನಿಗೆ ಅದನ್ನು ಹಂಚಿಕೊಳ್ಳುವದಕ್ಕೆ ಇನ್ನೊಬ್ಬರು ಬೇಕಾದರು! ಕೇವಲಾದ್ವೈತಿಗಳಿಗೆ ಇದು ತೊಡಕಾಗಿ ಕಾಣಬಹುದು, ನನಗೂ ಸಂಪೂರ್ಣ ಬಗೆಹರಿದಿಲ್ಲ. ಆದರೆ ಪದದ ಜೀವವು ಆ ಸಂಬೋಧನೆಯಲ್ಲಿಯೇ ಇದೆ. 'ತಂಗಿ'ಯನ್ನು ತೆಗೆದು ಹಾಡಿಸಿ ನೋಡಿರಿ. ಉಳಿಯುವದು ಒಗಟು ಮಾತ್ರ.

ಇದು ಶರೀಫರೊಬ್ಬರ ವಿಶೇಷವೆಂದೂ ತಿಳಿಯಬೇಕಾಗಿಲ್ಲ. ಅದೇ ಕಾಲಕ್ಕೆ ನವಲಗುಂದದಲ್ಲಿ ನಾಗಲಿಂಗಸ್ವಾಮಿಗಳು ಇದ್ದರು. ಅವರು 1881 ರಲ್ಲಿ ಸಮಾಧಿಸ್ಥರಾದರು. ಗರಗದಲ್ಲಿ ಮಡಿವಾಳಪ್ಪನವರು, ಹುಬ್ಬಳ್ಳಿಯಲ್ಲಿ 1929 ರವರೆಗೆ ಬಾಳಿದ ಸಿದ್ಧಾರೂಢರು. ಇವರು ಒಬ್ಬರನ್ನೊಬ್ಬರು ಕಂಡು ಕೂಡಿ ಚೇಷ್ಟೆ ಮಾಡಿದ ಕಥೆಗಳು ನಾಲ್ಕೂ ಮಠಗಳ ಭಕ್ತರಲ್ಲಿ ಹೇರಳವಾಗಿವೆ. ಬೇರೆ ಬೇರೆ ಕುಲ, ಬೇರೆ ಬೇರೆ ಸಂಪ್ರದಾಯ. ಆದರೂ ಜನರು ಇವರನ್ನು ಒಂದು ಗುಂಪಾಗಿಯೇ ನೆನೆಯುವರು. ಅವಧೂತರನ್ನು ಏಕಾಂಗಿಗಳೆಂದು ಲಕ್ಷಣಗ್ರಂಥಗಳು ಹೇಳುವವು. ಈ ಸೀಮೆಯ ಜನರು ಏಕಾಂಗಿಯಾದ ಅವಧೂತನನ್ನು ನಂಬಲಿಲ್ಲವೆಂದು ತೋರುತ್ತದೆ.

ಇತ್ತೀಚೆಗೆ ಶರೀಫ ಗೋವಿಂದಭಟ್ಟರ ವಿಷಯವಾಗಿ ಭಾವೈಕ್ಯವೆಂಬ ಶಬ್ದವನ್ನು ಎಲ್ಲ ಸಮಾರಂಭಗಳಲ್ಲಿಯೂ ಕೇಳುತ್ತೇವೆ. ಉದ್ದೇಶವು ಒಳ್ಳೆಯದು, ಶಬ್ದವು ಮಾತ್ರ ಈ ವಸ್ತುವಿಗೆ ತೆಳ್ಳಗಾಯಿತು. ಭಾವೈಕ್ಯವು ಎರಡು ಸಮಾಜಗಳು ಮಾಡಿಕೊಂಡ ಕರಾರಿನಂತೆ ಕೇಳುವದು. ಸಖ್ಯವು ಇಬ್ಬರು ಮನುಷ್ಯರ ನಡುವೆ ನಡೆದದ್ದು. ಭಟ್ಟರು ಮುಸಲ್ಮಾನ ಸಮಾಜವನ್ನು ಒಪ್ಪಿಕೊಂಡರೆಂದು ಹೇಳುವದಕ್ಕಿಂತ ಶರೀಫನೆಂಬ ಒಬ್ಬನನ್ನು ಮನೆಗೆ ಕರೆದರೆಂದು ಹೇಳುವದು ನಿಜಕ್ಕೆ ಹತ್ತಿರವು. ಅದರ ಬೆಲೆಯನ್ನು ಅವರು ತಮ್ಮ ಅಗ್ರಹಾರದಲ್ಲಿಯೂ, ಇವರು ತಮ್ಮ ಓಣಿಯಲ್ಲಿಯೂ ತೆತ್ತರು. ದೊಡ್ಡ ಶಬ್ದವನ್ನು ಹೇಳಿ ನಾವು ಆ ಬೆಲೆಯನ್ನು ಮರೆಯುತ್ತೇವೆ, ನಮ್ಮ ಪಾಲಿಗೆ ಬಂದಾಗ ತೆರುವದನ್ನೂ ತಪ್ಪಿಸಿಕೊಳ್ಳುತ್ತೇವೆ.

ಕೊನೆಗೆ ಸಂಪಾದಕರಲ್ಲಿಯೂ ಉಪಾಧ್ಯಾಯರಲ್ಲಿಯೂ ಒಂದು ವಿಜ್ಞಾಪನೆ. ತತ್ತ್ವಪದಗಳನ್ನು ಅಚ್ಚು ಹಾಕಿಸುವಾಗ ತಂಗಿ, ಅಣ್ಣ, ಗೆಳೆಯ, ಮುದುಕಿ, ತಮ್ಮ ಮುಂತಾದ ಸಂಬೋಧನೆಗಳನ್ನು ಪಾದಪೂರಣಕ್ಕೆ ಬಂದ ಶಬ್ದಗಳೆಂದು ಕೆಲವರು ಬಿಟ್ಟಿರುವರು, ಕೆಲವರು ಪಲ್ಲವಿಯಲ್ಲಿ ಒಮ್ಮೆ ಕೊಟ್ಟು ಮುಂದಿನ ನುಡಿಗಳಲ್ಲಿ ಕೈಬಿಟ್ಟಿರುವರು. ಯಾವ ಮೇಳದವರು ಯಾವ ನುಡಿಯಲ್ಲಿ ಯಾರನ್ನು ಕರೆದು ಹಾಡುವರೆಂಬದನ್ನು ಪಾಠಾಂತರಗಳೊಡನೆ ದಾಖಲು ಮಾಡುವದು ಅವಶ್ಯವು. ಕುಂದಗೋಳ, ನವಲಗುಂದ, ಕಲಘಟಗಿ ತಾಲೂಕುಗಳ ಹಳ್ಳಿಗಳಲ್ಲಿ ಈ ಸಂಬೋಧನೆಗಳನ್ನು ಬಿಡದೆ ಹಾಡುವ ಮುದುಕರು ಇನ್ನೂ ಕೆಲವರಿರುವರು. ಮೇಲೆ ಹೇಳಿದ ಒಕ್ಕಲಿಗರ ಬಾಯಿಂದ ನಾನು ಬರೆದುಕೊಂಡ ಮಾಳಿಗೆಯ ಪದದ ಪಾಠವು ಅಚ್ಚಿನ ಪಾಠಕ್ಕಿಂತ ಎರಡು ಕಡೆ ಬೇರೆಯಾಗಿದೆ. ಅದನ್ನು ಅವರ ಅಪ್ಪಣೆ ಪಡೆದು ಈ ಪತ್ರಿಕೆಯ ಮುಂದಿನ ಸಂಚಿಕೆಗೆ ಕಳಿಸುವೆನು.